ಮೀಟರಿಗೆ ಕಾಣದ ಅಯಾನುಗಳು

ಝುವಾರಿ ನದಿಯು ಮುರ್ಮುಗಾಂವ್ ಬಂದರಿನ ಬಳಿ ಕಡಲನ್ನು ಸೇರುವೆಡೆ ನೀರಿನ ಉಪ್ಪು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿರುವುದು ಬಹುತೇಕ ಕಡಲನೀರೇ. ಮಳೆಗಾಲದಲ್ಲಿ ಘಟ್ಟದಿಂದಿಳಿದ ಸಿಹಿನೀರು ಮೇಲ್ಪದರದಲ್ಲಿ ಹರಡುತ್ತದೆ. ಈ ಏರಿಳಿತವನ್ನು ವಿಜ್ಞಾನಿಗಳು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಅರಿಯುತ್ತಾರೆ.

ವಾಸ್ಕೋದ ಮನೆಬಾಗಿಲಿಗೆ ಬರುವ ಫಿಲ್ಟರ್ ಮಾರಾಟಗಾರನ ಟಿಡಿಎಸ್ ಮೀಟರಿನ ಗುಟ್ಟೂ ಅದೇ. ಆ ಪುಟ್ಟ ಯಂತ್ರವು ಲವಣವನ್ನು ತೂಗುವುದಿಲ್ಲ. ಸ್ವತಂತ್ರವಾಗಿ ಚಲಿಸುವ ಅಯಾನುಗಳು ಒಯ್ಯುವ ವಿದ್ಯುತ್ತನ್ನು ಅಳೆದು, ಒಂದು ಗುಣಕದಿಂದ ಗುಣಿಸಿ ಅಂಕಿಯನ್ನು ತೋರಿಸುತ್ತದೆ. ಅಡುಗೆ ಉಪ್ಪಿನ ವಿಷಯದಲ್ಲಿ ಈ ಸಾಕ್ಷ್ಯ ನಂಬತಕ್ಕದ್ದು.

ಎಲ್ಲ ಅಯಾನುಗಳೂ ಸ್ವತಂತ್ರವಲ್ಲವೆಂಬುದೇ ತೊಡಕು. ಕಡಲ ಪಾಚಿಯ ಆಲ್ಜಿನೇಟ್, ಕೊಳೆತ ತರಗೆಲೆಯ ಹ್ಯೂಮಿಕ್ ಆಮ್ಲ ಮುಂತಾದವು ಪಾಲಿಎಲೆಕ್ಟ್ರೊಲೈಟುಗಳು. ಅವುಗಳ ದೊಡ್ಡ ಅಣುಗಳ ಮೈತುಂಬ ಋಣ ಆವೇಶ. 1950ರಲ್ಲಿ ಅಮೆರಿಕದ ಹುಯ್ಜೆಂಗಾ, ಗ್ರೀಗರ್ ಮತ್ತು ವಾಲ್ ಎಂಬವರು ಪಾಲಿಅಕ್ರಿಲಿಕ್ ಆಮ್ಲದ ದ್ರಾವಣದಲ್ಲಿ ವಿಕಿರಣಶೀಲ ಸೋಡಿಯಮ್ಮಿನ ಜಾಡನ್ನು ಹಿಡಿದರು. ಧನ ಆವೇಶದ ಸೋಡಿಯಂ ಋಣ ವಿದ್ಯುದಗ್ರದತ್ತ ಸಾಗಬೇಕಷ್ಟೆ? ಅದರ ಒಂದು ಪಾಲು ಸರಪಳಿಗಂಟಿಕೊಂಡು ಧನ ವಿದ್ಯುದಗ್ರದತ್ತಲೇ ಹೊರಟಿತ್ತು! ಹೊಳೆಯ ಸೆಳವಿಗೆ ಸಿಕ್ಕಿದ ದೋಣಿಯಲ್ಲಿ ಕುಳಿತವನು ಬೇರೆ ದಡಕ್ಕೆ ಹೋಗಬಲ್ಲನೇ?

1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ಇದಕ್ಕೊಂದು ಲೆಕ್ಕವನ್ನು ಕೊಟ್ಟರು. ಸರಪಳಿಯ ಮೇಲೆ ಆವೇಶಗಳ ನಡುವಿನ ಅಂತರ ಸುಮಾರು 0.7 ನ್ಯಾನೋಮೀಟರಿಗಿಂತ ಕಡಿಮೆಯಾದರೆ ವಿರುದ್ಧ ಅಯಾನುಗಳು ಅದಕ್ಕೆ ಕವಿದುಕೊಳ್ಳುತ್ತವೆ. ಅಂತರ 0.25 ನ್ಯಾನೋಮೀಟರ್ ಇದ್ದಲ್ಲಿ 100 ಸೋಡಿಯಂ ಅಯಾನುಗಳಲ್ಲಿ ಸುಮಾರು 35 ಮಾತ್ರ ಬಿಡುಗಡೆಯಾಗಿ ಉಳಿಯುತ್ತವೆ. ಇಮ್ಮಡಿ ಆವೇಶದ ಕ್ಯಾಲ್ಸಿಯಮ್ಮಿನಲ್ಲಿ ಅದರ ಅರ್ಧದಷ್ಟು. ನೀರೆರೆದು ದ್ರಾವಣವನ್ನು ತೆಳುಗೊಳಿಸಿದರೂ, ಈ ಸಿದ್ಧಾಂತದಂತೆ, ಬಂಧಿತರಿಗೆ ಬಿಡುಗಡೆಯಿಲ್ಲ.

ಹ್ಯೂಮಿಕ್ ಆಮ್ಲವು ತಾಮ್ರ, ಸೀಸಗಳನ್ನೂ ಹೀಗೆಯೇ, ಇನ್ನೂ ಬಿಗಿಯಾಗಿ, ಹಿಡಿದಿಡಬಲ್ಲದು. ಹಿಡಿದಿಡದಿದ್ದರೂ ಮೀಟರು ಹೇಳುವುದು ಅಷ್ಟಕ್ಕಷ್ಟೆ. ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಒಪ್ಪುವ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ. ಸೀಸ ಕೇವಲ 0.01 ಮಿಲಿಗ್ರಾಂ. ಮಿತಿಯ ಹತ್ತು ಪಟ್ಟು ಸೀಸವಿದ್ದರೂ ಪರದೆಯ ಅಂಕಿ ಅಲುಗದು. ರೋಗಾಣುಗಳ ಮಾತಂತೂ ದೂರವೇ ಉಳಿಯಿತು. ಹಾಗಿರುವಾಗ ಅಂಕಿ ಕಡಿಮೆಯಿದೆಯೆಂದು ನೀರನ್ನು ಕುದಿಸದೆ ಮಕ್ಕಳಿಗೆ ಕೊಡುವುದಾಗಲಿ, ತುಸು ಹೆಚ್ಚಿದೆಯೆಂದು ಹೆದರಿ ಸಾಲ ಮಾಡಿ ಯಂತ್ರವನ್ನು ಕೊಳ್ಳುವುದಾಗಲಿ ಅರೆಸಾಕ್ಷ್ಯದ ಮೇಲೆ ಕೊಟ್ಟ ತೀರ್ಪಾಗುತ್ತದೆ. ಸೀಸವನ್ನೂ ರೋಗಾಣುವನ್ನೂ ಪತ್ತೆಹಚ್ಚಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಮಾರಾಟಗಾರನು ಮತ್ತೆ ಬಂದಾಗ ಮನೆಯ ಹುಡುಗರು ಎರಡು ಲೋಟ ನೀರಿಡಲಿ. ಒಂದಕ್ಕೆ ಚಮಚ ಸಕ್ಕರೆ, ಇನ್ನೊಂದಕ್ಕೆ ಚಿಟಿಕೆ ಉಪ್ಪು. ಉಪ್ಪಿನ ಲೋಟದಲ್ಲಿ ಅಂಕಿ ಜಿಗಿಯುತ್ತದೆ. ಸಕ್ಕರೆಯದರಲ್ಲಿ ಇದ್ದಲ್ಲೇ ಇರುತ್ತದೆ.