ಸಕ್ಕರೆ ಹಾಕದ ಚಾಕಲೇಟು

ಸಿಹಿಗೆ ಒಲಿಯದ ನಾಲಗೆಯಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಪೇಡೆ ಹಂಚುತ್ತಿದ್ದ ಮನೆಗಳಲ್ಲಿ ಈಗ ಚಾಕಲೇಟೂ ಸೇರಿಕೊಂಡಿದೆ. ಆದರೆ ಅನೇಕ ಮನೆಗಳಲ್ಲಿ, ತಟ್ಟೆ ಮುಂದೆ ಬಂದಾಗ 'ನನಗೆ ಬೇಡ' ಎಂದು ಕೈಯಾಡಿಸುವ ಅಜ್ಜನೋ ಅಜ್ಜಿಯೋ ಇರುತ್ತಾರೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಮಧುಮೇಹವಿದೆ. ಆದುದರಿಂದಲೇ 'ಸಕ್ಕರೆರಹಿತ' ಎಂಬ ಮಾತು ಅಂಗಡಿಯ ಪೊಟ್ಟಣಗಳ ಮೇಲೆಯೂ ಅಡಿಗೆಮನೆಯ ಮಾತುಕತೆಯಲ್ಲಿಯೂ ಬಳಕೆಗೆ ಬಂದಿದೆ. ಆ ಮಾತಿನ ನಿಜವಾದ ಅರ್ಥವೇನು, ಅಂಥ ತಿಂಡಿಯನ್ನು ಮನೆಯಲ್ಲಿ ಮಾಡುವುದು ಹೇಗೆ ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಚಾಕಲೇಟು ಹುಟ್ಟಿನಿಂದ ಸಿಹಿಯಲ್ಲ. ಅದರ ಮೂಲ ಕೋಕೋ ಮರದ ಬೀಜ. ಮೆಕ್ಸಿಕೋ ಕಡೆಯ ಪ್ರಾಚೀನ ಜನರು ಈ ಬೀಜವನ್ನು ಅರೆದು, ಮೆಣಸಿನಕಾಯಿ ಬೆರೆಸಿ, ಕಹಿ ಪಾನೀಯವಾಗಿ ಕುಡಿಯುತ್ತಿದ್ದರು. ಸ್ಪೇನ್ ದೇಶದವರ ಮೂಲಕ ಯೂರೋಪನ್ನು ಸೇರಿದ ಮೇಲೆಯೇ ಅದಕ್ಕೆ ಸಕ್ಕರೆಯ ಸ್ನೇಹ ಬಲವಾಯಿತು. ೧೮೨೮ರಲ್ಲಿ ಹಾಲೆಂಡಿನಲ್ಲಿ, ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆದು ಪುಡಿಯನ್ನು ಬೇರೆ ಮಾಡುವ ವಿಧಾನಕ್ಕೆ ವಾನ್ ಹೌಟನ್ ಮನೆತನದವರು ಹಕ್ಕುಪತ್ರ ಪಡೆದರು. ನಾವು ಇಂದು ಕೊಳ್ಳುವ ಕೋಕೋ ಪುಡಿ ಇದೇ ಬಗೆಯದು. ಈ ಬೆಳೆ ನಮ್ಮ ನಾಡಿಗೂ ಪರಕೀಯವಲ್ಲ. ರಜೆಯಲ್ಲಿ ದಕ್ಷಿಣ ಕನ್ನಡಕ್ಕೆ ಹೋಗುವ ವಿದ್ಯಾರ್ಥಿಗಳು ಅಡಿಕೆ ತೋಟದ ನೆರಳಿನಲ್ಲಿ, ಕಾಂಡಕ್ಕೇ ಕಾಯಿ ಅಂಟಿಕೊಂಡಿರುವ 'ಕೊಕ್ಕೋ' ಗಿಡಗಳನ್ನು ಕಂಡಿರಬಹುದು. ೧೯೭೩ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು.

ಈಗ ಮಾಡುವ ಕ್ರಮಕ್ಕೆ ಬರೋಣ. ಬೀಜ ತೆಗೆದ ಮೆತ್ತನೆಯ ಖರ್ಜೂರ ೨೦೦ ಗ್ರಾಮು, ಹುರಿದು ಸಿಪ್ಪೆ ತೆಗೆದ ಶೇಂಗಾ ೧೦೦ ಗ್ರಾಮು, ಸಿಹಿ ಬೆರೆಸದ ಕೋಕೋ ಪುಡಿ ೩೦ ಗ್ರಾಮು, ಚಿಟಿಕೆ ಉಪ್ಪು, ಇಷ್ಟೇ ಸಾಕು. ಗಟ್ಟಿಯಾದ ಉತ್ತತ್ತಿ ಇದಕ್ಕೆ ಒದಗದು. ಮೊದಲು ಶೇಂಗಾವನ್ನು ತರಿತರಿಯಾಗಿ ಕುಟ್ಟಿಡಬೇಕು. ಖರ್ಜೂರವನ್ನು ಒರಳಿನಲ್ಲಿಯೋ ಮಿಕ್ಸಿಯಲ್ಲಿಯೋ ನೀರು ಸೋಕಿಸದೆ ಅರೆದು, ಕೋಕೋ ಪುಡಿ, ಉಪ್ಪು, ಶೇಂಗಾ ಸೇರಿಸಿ ಚೆನ್ನಾಗಿ ನಾದಬೇಕು. ಉಪ್ಪೇಕೆಂದು ಕೇಳುವಿರಾ? ಚಿಟಿಕೆ ಉಪ್ಪು ಕೋಕೋವಿನ ಕಹಿಯನ್ನು ತಗ್ಗಿಸಿ, ಇರುವ ಸಿಹಿಯನ್ನೇ ಎತ್ತಿ ತೋರಿಸುತ್ತದೆ. ಬಳಿಕ ಅಂಗೈಗೆ ತುಸು ತುಪ್ಪ ಸವರಿಕೊಂಡು ೨೪ ಉಂಡೆ ಕಟ್ಟಬೇಕು. ಒಲೆಯ ಕೆಲಸ ಶೇಂಗಾ ಹುರಿಯುವಷ್ಟು ಮಾತ್ರ. ಅದನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು. ಶೇಂಗಾ ಒಗ್ಗದವರಿಗೆ ಈ ಉಂಡೆಯನ್ನು ಕೊಡಬಾರದು.

ಉಂಡೆ ಸಿದ್ಧವಾಯಿತು, ಸಕ್ಕರೆಯ ಡಬ್ಬಿಯನ್ನು ನಾವು ಮುಟ್ಟಲೂ ಇಲ್ಲ. ಹಾಗಾದರೆ ಇದು ಸಕ್ಕರೆಯಿಲ್ಲದ ತಿಂಡಿಯೇ? ಇಲ್ಲಿ ಗಣಿತದ ಪಾಠ ನೆರವಿಗೆ ಬರುತ್ತದೆ. ಖರ್ಜೂರದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಪ್ರಕೃತಿ ಬೆರೆಸಿದ್ದೆಂಬ ಮಾತ್ರಕ್ಕೆ ಅದು ಸಕ್ಕರೆಯಲ್ಲದೆ ಹೋಗದು. ೨೦೦ ಗ್ರಾಮು ಖರ್ಜೂರದಲ್ಲಿ ಸುಮಾರು ೧೩೦ ಗ್ರಾಮು ಸಕ್ಕರೆ. ಅದನ್ನು ೨೪ರಿಂದ ಭಾಗಿಸಿದರೆ ಸುಮಾರು ೧೪ ಗ್ರಾಮು ತೂಗುವ ಒಂದೊಂದು ಉಂಡೆಗೂ ಐದೂವರೆ ಗ್ರಾಮು, ಅಂದರೆ ಒಂದು ಟೀ ಚಮಚೆಗಿಂತ ತುಸು ಹೆಚ್ಚು. ಅಷ್ಟೇ ತೂಕದ ಅಂಗಡಿಯ ಹಾಲಿನ ಚಾಕಲೇಟಿನಲ್ಲಿ ಸುಮಾರು ಏಳು ಗ್ರಾಮು ಇರುತ್ತದೆ. ವ್ಯತ್ಯಾಸ ಇದೆ, ಆದರೆ ನಾವೆಣಿಸಿದಷ್ಟು ದೊಡ್ಡದಲ್ಲ. ಖರ್ಜೂರದ ನಾರು, ಶೇಂಗಾದ ಸಸಾರಜನಕ ಇವು ಉಂಡೆಯ ಹೆಚ್ಚುಗಾರಿಕೆ ನಿಜ. ಆದರೂ 'ಸಕ್ಕರೆ ಹಾಕದ' ಎಂಬುದೂ 'ಸಕ್ಕರೆ ಇಲ್ಲದ' ಎಂಬುದೂ ಒಂದೇ ಅಲ್ಲ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ೨೦೧೮ರ ನಿಯಮಗಳೂ ಈ ಎರಡನ್ನು ಬೇರೆ ಬೇರೆಯಾಗಿಯೇ ಎಣಿಸುತ್ತವೆ. ಘನ ಪದಾರ್ಥವನ್ನು ಸಕ್ಕರೆರಹಿತವೆಂದು ಮಾರಬೇಕಾದರೆ ೧೦೦ ಗ್ರಾಮಿನಲ್ಲಿ ೦.೫ ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರಕೂಡದು.

ಸಿಹಿಯ ಆಸೆಯನ್ನು ಬಿಡಬಲ್ಲವರಿಗೆ ಇನ್ನೊಂದು ದಾರಿಯಿದೆ. ೬೦ ಗ್ರಾಮು ಅಡಿಗೆಯ ಕೊಬ್ಬರಿ ಎಣ್ಣೆಗೆ ೪೦ ಗ್ರಾಮು ಕೋಕೋ ಪುಡಿ, ಚಿಟಿಕೆ ಉಪ್ಪು, ೧೦೦ ಗ್ರಾಮು ಹುರಿದ ಶೇಂಗಾ ಕಲಸಿ, ತಟ್ಟೆಗೆ ಸುರಿದು ಶೀತಕಪೆಟ್ಟಿಗೆಯಲ್ಲಿಟ್ಟರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಪಾತ್ರೆಯಲ್ಲಿ ನೀರಿನ ಹನಿಯೂ ಇರಬಾರದು. ಇದ್ದರೆ ಪುಡಿ ಗಂಟುಕಟ್ಟುತ್ತದೆ. ಕೋಕೋ ಕೊಬ್ಬು ಕರಗುವುದು ಸುಮಾರು ೩೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ; ಆದುದರಿಂದಲೇ ಒಳ್ಳೆಯ ಚಾಕಲೇಟು ಕೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆಯಾದರೋ ೨೫ ಡಿಗ್ರಿಯ ಹತ್ತಿರವೇ ಕರಗುವುದರಿಂದ, ಮುಂಬಯಿಯ ಸೆಕೆಯಲ್ಲಿ ಈ ತುಂಡನ್ನು ಹೊರಗಿಟ್ಟರೆ ಮತ್ತೆ ಎಣ್ಣೆಯೇ! ೧೪ ಗ್ರಾಮಿನ ತುಂಡಿನಲ್ಲಿ ಸಕ್ಕರೆ ಅರ್ಧ ಗ್ರಾಮಿಗೂ ಕಡಿಮೆ. ಅದೂ ಶೇಂಗಾ, ಕೋಕೋಗಳಲ್ಲಿ ಸಹಜವಾಗಿ ಇರುವುದು. ನಿಯಮದ ಲೆಕ್ಕದಲ್ಲಿ ಇದಕ್ಕೂ 'ಸಕ್ಕರೆರಹಿತ' ಎಂಬ ಹೆಸರು ಸಲ್ಲದು ಎಂಬುದನ್ನು ನೀವೇ ಭಾಗಾಕಾರ ಮಾಡಿ ನೋಡಿರಿ. ಎಣ್ಣೆ ಹೆಚ್ಚಾಗಿರುವುದರಿಂದ ಇದನ್ನೂ ಮಿತವಾಗಿಯೇ ತಿನ್ನಬೇಕು.

ವಿದ್ಯಾರ್ಥಿಮಿತ್ರರೇ, ಪ್ರೀತಿಯಿಂದ ಮಾಡಿದ ತಿಂಡಿಯನ್ನು 'ಅಜ್ಜಾ, ಇದರಲ್ಲಿ ಸಕ್ಕರೆಯೇ ಇಲ್ಲ' ಎಂದು ಮೊಮ್ಮಕ್ಕಳು ಕೈಗಿತ್ತರೆ, ಅಜ್ಜ ನಂಬಿ ನಾಲ್ಕು ಉಂಡೆ ತಿಂದಾರು. ಅಲ್ಲಿಗೆ ಇಪ್ಪತ್ತೆರಡು ಗ್ರಾಮು ಸಕ್ಕರೆ ಅವರ ಹೊಟ್ಟೆ ಸೇರಿತು. ನಮ್ಮ ಮಾತನ್ನು ನಂಬುವವರಿಗೆ ನಾವು ನಿಜವನ್ನೇ ಹೇಳಬೇಕು. ಆದುದರಿಂದ ಡಬ್ಬಿಯ ಮುಚ್ಚಳದ ಮೇಲೊಂದು ಚೀಟಿ ಅಂಟಿಸಿರಿ: ಏನೇನು ಹಾಕಿದೆ, ಉಂಡೆಗೆ ಸಕ್ಕರೆ ಎಷ್ಟು, ಮಾಡಿದ ದಿನ ಯಾವುದು. ಎಷ್ಟು ತಿನ್ನಬಹುದೆಂಬುದನ್ನು ಅಜ್ಜನೂ ಅವರ ವೈದ್ಯರೂ ನಿಶ್ಚಯಿಸಲಿ. ಲೆಕ್ಕವನ್ನು ಸರಿಯಾಗಿ ಬರೆದಿಡುವ ಕೆಲಸ ನಿಮ್ಮದು.