ಸ್ಕಿಮ್ಮರ್ ಕಪ್ಪಿಗೊಂದು ತೂಬು

ಮಧುಗಿರಿಯ ಓದುಗರೊಬ್ಬರು ಕೇಳಿದ್ದಾರೆ: ‘ಮನೆಯಲ್ಲಿ ಕಡಲ ಮೀನಿನ ಅಕ್ವೇರಿಯಂ ಇದೆ. ಪ್ರೋಟೀನ್ ಸ್ಕಿಮ್ಮರ್‌ನ ಕಪ್ ಬೇಗ ತುಂಬಿ ಚೆಲ್ಲುತ್ತದೆ. ತಳಕ್ಕೆ ತೂತು ಕೊರೆದು, ಪೈಪ್ ಹಾಕಿ ಕ್ಯಾನಿಗೆ ಬಿಡಬಹುದೇ? ಪಾವಗಡದ ನಮ್ಮ ಭಾವ, ಅಲ್ಲಿನ ಫ್ಲೋರೈಡ್ ನೀರನ್ನೂ ಇದರಲ್ಲೇ ಶುದ್ಧ ಮಾಡಬಹುದಲ್ಲ ಅನ್ನುತ್ತಾರೆ.’ ಪೈಪ್ ಧಾರಾಳವಾಗಿ ಹಾಕಿ. ಭಾವನವರ ಯೋಜನೆ ಮಾತ್ರ ಆಗದ ಮಾತು.

ಸ್ಕಿಮ್ಮರ್ ಎಂದರೆ ಗಾಳಿಗುಳ್ಳೆ ಎಬ್ಬಿಸಿ, ನೊರೆಯ ಜೊತೆ ಕೊಳೆ ಹೊರತೆಗೆಯುವ ಸಾಧನ. ಆಲೆಮನೆ ನೋಡಿದವರಿಗೆ ಕಾರಣ ಹೇಳುವುದು ಸುಲಭ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆ ಗಿಡದ ಲೋಳೆ ಸುರಿಯುತ್ತಾರೆ. ಲೋಳೆ ಕೊಳೆಯನ್ನು ಹಿಡಿದುಕೊಂಡು ನೊರೆಯ ಜೊತೆ ಮೇಲೇಳುತ್ತದೆ. ಅದನ್ನು ಆಗಿಂದಾಗ್ಗೆ ಬಳಿದು ಹೊರಹಾಕಬೇಕು. ತಡಮಾಡಿದರೆ ಕುದಿತಕ್ಕೆ ಸಿಕ್ಕಿ ಮತ್ತೆ ಒಳಗೇ ಬೆರೆಯುತ್ತದೆ, ಬೆಲ್ಲ ಕಪ್ಪಾಗುತ್ತದೆ. ಸಿಹಿ ಮಾತ್ರ ನೊರೆಯ ಬೆನ್ನು ಹತ್ತುವುದಿಲ್ಲ, ಹಾಲಿನಲ್ಲೇ ಉಳಿಯುತ್ತದೆ. ಫ್ಲೋರೈಡ್ ಆ ಸಿಹಿಯ ಜಾತಿಯದು. ನೀರಿನಲ್ಲಿ ಪೂರ್ತಿ ಕರಗಿರುವ ಅದಕ್ಕೆ ಗುಳ್ಳೆಯ ಸಹವಾಸ ಬೇಕಿಲ್ಲ. ಅದನ್ನು ತೆಗೆಯಲು ಆರ್‌ಒ ಘಟಕದಂಥದ್ದು ಬೇಕು.

ಮೀನಿನ ಮಲ, ಉಳಿದ ಆಹಾರದಿಂದ ಬರುವ ಪ್ರೋಟೀನ್ ಬೇರೆ ಬಗೆಯದು. ಅದರ ಅಣುವಿನ ಒಂದು ಭಾಗಕ್ಕೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಹೀಗಾಗಿ ಅದು ಗಾಳಿಗುಳ್ಳೆಯ ಮೈಗೆ ಅಂಟಿ ಕಪ್ಪಿಗೆ ಏರುತ್ತದೆ. ಗುಳ್ಳೆಯ ಅಗಲ ಅರ್ಧವಾದರೆ, ಅಷ್ಟೇ ಗಾಳಿಗೆ ಎರಡರಷ್ಟು ಮೈ ಸಿಗುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಷ್ಟು ಉಪ್ಪಿದ್ದರೆ ಗುಳ್ಳೆಗಳು ಕೂಡಿ ದೊಡ್ಡವಾಗದೆ ಸಣ್ಣದಾಗಿಯೇ ಉಳಿಯುತ್ತವೆ. ಶಿರಾದ ಬೋರ್‌ವೆಲ್ ನೀರನ್ನು ನಾಲಿಗೆ ಉಪ್ಪೆಂದರೂ ಗುಳ್ಳೆಗೆ ಅದು ಸಪ್ಪೆಯೇ. ಸಿಹಿನೀರಿನ ಗೋಲ್ಡ್‌ಫಿಶ್ ತೊಟ್ಟಿಗೆ ಸ್ಕಿಮ್ಮರ್ ಮಾರಲು ಬಂದವರನ್ನು ನಮಸ್ಕರಿಸಿ ಕಳಿಸಿಬಿಡಿ.

ನೊರೆಯನ್ನು ಹಿಡಿಯುವ ಕಪ್ಪೇ ಇಲ್ಲದಿದ್ದರೆ ಏನಾಗುತ್ತದೆಂದು 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿತು. ಸೋಪಿನ ಪುಡಿ ಬೆರೆತ ಕೊಳಚೆ ಕೋಡಿಯಲ್ಲಿ ಧುಮುಕಿ, ನೊರೆ ರಸ್ತೆಗೇ ಬಂತು.

ಇನ್ನು ತೂಬಿನ ವಿಷಯ. ಕಪ್ಪಿನ ಅತಿ ತಗ್ಗಿನ ಜಾಗದಲ್ಲಿ, ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿ ಕೊರೆಯಿರಿ. ಅವಸರಪಟ್ಟರೆ ಅಕ್ರಿಲಿಕ್ ಸೀಳುತ್ತದೆ. ರಬ್ಬರ್ ವಾಷರ್ ಕೊಟ್ಟು ನಿಪ್ಪಲ್ ಬಿಗಿಯಿರಿ. ಪೈಪ್ ಎಲ್ಲೂ ಜೋಲದೆ ಕ್ಯಾನಿನವರೆಗೆ ಇಳಿಜಾರಾಗಿರಲಿ. ಕ್ಯಾನಿನ ಮುಚ್ಚಳಕ್ಕೆ ಗಾಳಿಯ ತೂತು ಬೇಕೇ ಬೇಕು, ಇಲ್ಲವಾದರೆ ಒಳಗಿನ ಗಾಳಿ ನೀರನ್ನು ಇಳಿಯಲು ಬಿಡುವುದಿಲ್ಲ. ಆ ತೂತಿಗೆ ಇದ್ದಿಲಿನ ಪೊಟ್ಟಣ ಇಟ್ಟರೆ ನಾತ ತಗ್ಗುತ್ತದೆ.

ನಿಜವಾದ ಅಪಾಯ ಕರೆಂಟಿನದು. ಮಧುಗಿರಿ, ಕೊರಟಗೆರೆ ಕಡೆ ಕರೆಂಟ್ ಹೋಗಿ ಬರುವುದು ಹೊಸದಲ್ಲ. ಪಂಪ್ ನಿಂತಾಗ ಮೇಲಿನ ತೊಟ್ಟಿಯ ನೀರು ಕೆಳಗಿನ ಸಂಪಿಗೆ ಇಳಿದು ಮಟ್ಟ ಏರುತ್ತದೆ. ಕರೆಂಟ್ ಬಂದೊಡನೆ, ಆ ಏರಿದ ನೀರಿನಲ್ಲಿ ನಿಂತ ಸ್ಕಿಮ್ಮರ್ ನೊರೆಯ ಬದಲು ನೀರನ್ನೇ ಕಪ್ಪಿಗೆ ಉಕ್ಕಿಸುತ್ತದೆ. ತೂಬಿಲ್ಲದ ಕಪ್ಪು ಚೆಲ್ಲಿದರೆ ನೀರು ಸಂಪಿಗೇ ಮರಳುತ್ತಿತ್ತು. ತೂಬಿದ್ದರೆ ಅದು ಕ್ಯಾನಿನ ಪಾಲು. 100 ಲೀಟರ್ ವ್ಯವಸ್ಥೆಯಿಂದ 10 ಲೀಟರ್ ಹೀಗೆ ಹೋಗಿ, ಆ ಜಾಗವನ್ನು ಸ್ವಯಂಚಾಲಿತ ನಲ್ಲಿ ಸಿಹಿನೀರಿನಿಂದ ತುಂಬಿದರೆ ಉಪ್ಪು 35 ಗ್ರಾಂನಿಂದ ಸುಮಾರು 31.5ಕ್ಕೆ ಕುಸಿಯುತ್ತದೆ. ತೊಟ್ಟಿಯಲ್ಲಿ ಹವಳವಿದ್ದರೆ ಈ ಹಠಾತ್ ಕುಸಿತ ಅದಕ್ಕೆ ಕಷ್ಟ. ಆದ್ದರಿಂದ ಕ್ಯಾನ್ ಚಿಕ್ಕದಿರಲಿ. ಅದು ತುಂಬಿದೊಡನೆ ಸ್ಕಿಮ್ಮರ್ ಪಂಪನ್ನು ಆರಿಸುವ ಫ್ಲೋಟ್ ಸ್ವಿಚ್ ಒಂದಿರಲಿ.

ತೂಬಿಟ್ಟರೆ ತಿಂಗಳುಗಟ್ಟಲೆ ಕೈ ಹಾಕಬೇಕಿಲ್ಲ ಎಂಬ ಜಾಹೀರಾತು ನಂಬಬೇಡಿ. ಕಪ್ಪಿನ ಕೊರಳಿಗೆ ಮೆತ್ತುವ ಜಿಡ್ಡು ನೊರೆಯನ್ನು ಒಡೆದು ಕೆಳಕ್ಕೇ ಕಳಿಸುತ್ತದೆ. ಅದನ್ನು ಒರೆಸುವ ಕೆಲಸ ಯಾವ ಪೈಪೂ ಮಾಡುವುದಿಲ್ಲ.