ಖಾಲಿ ಟ್ರಕ್, ತುಂಬಿದ ಟ್ರಕ್: ಒಂದೇ ಶಾಕ್ ಸಾಲದು

ಅಮೆರಿಕದ ಹೆವಿ-ಡ್ಯೂಟಿ ಪಿಕಪ್ ಎರಡು ಬಾಳು ಬಾಳುವ ಗಾಡಿ. ಫೋರ್ಡ್ ಎಫ್-350, ರಾಮ್ 3500, ಶೆವ್ರೊಲೆ ಸಿಲ್ವರಾಡೊ 3500 ಎಚ್‌ಡಿ ಇವೆಲ್ಲ ಬೆನ್ನ ಮೇಲೆ ಒಂದೂವರೆ ಟನ್ ಹೊತ್ತು, ಹಿಂದೆ ಆರೇಳು ಟನ್ನಿನ ಟ್ರೈಲರ್ ಎಳೆಯಲೆಂದೇ ಕಟ್ಟಿದವು. ಆದರೆ ಶನಿವಾರ ಕುದುರೆಗಳ ಟ್ರೈಲರ್ ಎಳೆದ ಅದೇ ಗಾಡಿ ಸೋಮವಾರ ಒಬ್ಬನೇ ಒಬ್ಬನನ್ನು ಕೂರಿಸಿಕೊಂಡು ಕಚೇರಿಗೋ ಅಂಗಡಿಗೋ ಹೊರಡುತ್ತದೆ. ಖಾಲಿ ಇದ್ದಾಗ ಹಿಂಭಾಗ ಕುಣಿಯಬಾರದು, ತುಂಬಿದಾಗ ತೂಗಬಾರದು ಎಂದು ಮಾಲೀಕ ಬಯಸುತ್ತಾನೆ. ಈ ಎರಡೂ ಬಯಕೆಗಳನ್ನು ಒಂದೇ ಸ್ಥಿರ ಶಾಕ್ ಅಬ್ಸಾರ್ಬರ್ ಈಡೇರಿಸಲಾರದು. ಬಿಗಿಯನ್ನು ಹೆಚ್ಚುಕಡಿಮೆ ಮಾಡಬಲ್ಲ ಶಾಕ್‌ಗೆ ಇಲ್ಲಿ ನಿಜವಾದ ಕೆಲಸವಿದೆ. ಆದರೆ ಆ ಕೆಲಸ ಮಾರಾಟಗಾರರು ಹೇಳುವುದಕ್ಕಿಂತ ಚಿಕ್ಕದು. ಮಿತಿ ತಿಳಿಯದೆ ಕೊಂಡವನು ಸಾವಿರಾರು ಡಾಲರ್ ಸುರಿದೂ ಅತೃಪ್ತನಾಗಿಯೇ ಉಳಿಯುತ್ತಾನೆ.

ಮೊದಲ ಮಿತಿ: ಶಾಕ್ ಭಾರ ಹೊರುವುದಿಲ್ಲ. ಭಾರ ಹೊರುವುದು ಸ್ಪ್ರಿಂಗು. ಈ ದರ್ಜೆಯ ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಕಮಾನು ಪಟ್ಟಿಗಳು. ಪಟ್ಟಿ ಬಾಗಿ ಮತ್ತೆ ನೆಟ್ಟಗಾಗುವಾಗ ಗಾಡಿಯ ಮೈ ಮೇಲೆಕೆಳಗೆ ಆಡುತ್ತದಲ್ಲ, ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ತೂರಿಸಿ ಆ ಆಟವನ್ನು ಬಿಸಿಯಾಗಿ ಪರಿವರ್ತಿಸುವುದಷ್ಟೇ ಶಾಕ್‌ನ ಕಸುಬು. ಟ್ರೈಲರ್ ಸಿಕ್ಕಿಸಿದೊಡನೆ ಹಿಂಭಾಗ ಕುಗ್ಗಿ ಹೆಡ್‌ಲೈಟು ಆಕಾಶ ನೋಡಿದರೆ, ಶಾಕ್‌ನ ಬಿಗಿ ಹೊಂದಿಸುವ ಗುಬುಟನ್ನು ಕೊನೆಯ ಹಂತಕ್ಕೆ ತಿರುಗಿಸಿದರೂ ಅದು ಒಂದು ಇಂಚು ಮೇಲೇಳುವುದಿಲ್ಲ. ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುವ ಭಾರದ ಮಿತಿಯೂ ಒಂದು ಕೆ.ಜಿ. ಹೆಚ್ಚುವುದಿಲ್ಲ. ಹಿಂಭಾಗ ಮೇಲೇಳಲು ಬೇಕಾದದ್ದು ಹೆಚ್ಚುವರಿ ಪಟ್ಟಿ, ಇಲ್ಲವೇ ಫೈರ್‌ಸ್ಟೋನ್ ರೈಡ್-ರೈಟ್‌ನಂಥ ಗಾಳಿಚೀಲ; ಭಾರದ ಮಿತಿ ಹೆಚ್ಚಲು ಇನ್ನೂ ದೊಡ್ಡ ಗಾಡಿಯೇ ಬೇಕು. ಅಂಗಡಿಯಲ್ಲಿ ಬೆರೆತುಹೋಗುವ ಸರಕುಗಳೂ ಇವೆ. ಗೇಬ್ರಿಯಲ್ ಹೈಜಾಕರ್ ಗಾಳಿ ತುಂಬಿಸಿ ಹಿಂಭಾಗ ಎತ್ತುವ ಶಾಕ್. ಕೆಲವು ಹಗುರ ಪಿಕಪ್‌ಗಳಿಗೆ ಬರುವ ಬಿಲ್‌ಸ್ಟೈನ್ 5100ರ ಮುಂಭಾಗದ ಶಾಕ್‌ನಲ್ಲಿ ಹೊಂದಿಸಲಾಗುವುದು ಗಾಡಿಯ ಎತ್ತರ, ಬಿಗಿಯಲ್ಲ. ಇಲ್ಲಿನ ಚರ್ಚೆ ಬಿಗಿಯದು, ಅಂದರೆ ಡ್ಯಾಂಪಿಂಗ್‌ನದು ಮಾತ್ರ.

ಈ ಬಿಗಿ ಭಾರದೊಂದಿಗೆ ಯಾಕೆ ಬದಲಾಗಬೇಕು ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಒಂದು ಏರಿಳಿತ ಎಷ್ಟು ಬೇಗ ಅಡಗುತ್ತದೆ ಎಂಬುದು ಶಾಕ್‌ನ ಬಿಗಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಸ್ಪ್ರಿಂಗಿನ ಗಡಸುತನವನ್ನೂ ಅದರ ಮೇಲಿನ ಭಾರವನ್ನೂ ಗುಣಿಸಿ, ವರ್ಗಮೂಲ ತೆಗೆದು, ಅದಕ್ಕೆ ಹೋಲಿಸಿ ಅಳೆಯಬೇಕು; ಹಾಗೆ ಸಿಗುವುದೇ ಡ್ಯಾಂಪಿಂಗ್ ಅನುಪಾತ. ಖಾಲಿ ಎಫ್-350ರ ಹಿಂದಿನ ಸ್ಪ್ರಿಂಗುಗಳ ಮೇಲೆ ಸುಮಾರು 900 ಕೆ.ಜಿ. ಇದೆ ಎಂದಿಟ್ಟುಕೊಳ್ಳೋಣ. 7,000 ಕೆ.ಜಿ.ಯ ಫಿಫ್ತ್-ವೀಲ್ ಟ್ರೈಲರ್ (ಟ್ರಕ್ಕಿನ ತೊಟ್ಟಿಯೊಳಗಿನ ಕೊಂಡಿಗೆ ಸಿಕ್ಕಿಸುವಂಥದ್ದು) ತನ್ನ ತೂಕದ ಶೇ 15ರಿಂದ 25ರಷ್ಟನ್ನು ಟ್ರಕ್ಕಿನ ಮೇಲೆ ಹೇರುತ್ತದೆ. ಶೇ 20 ಎಂದರೆ 1,400 ಕೆ.ಜಿ. ಕೊಂಡಿ, ಸಲಕರಣೆ, ಸಾಮಾನು ಸೇರಿ 1,600 ಎನ್ನಿ. 900 ಇದ್ದದ್ದು 2,500 ಆಯಿತು. ಭಾರ ಬಿದ್ದಾಗ ಸಹಾಯಕ ಪಟ್ಟಿಯೂ ತಾಗಿ ಸ್ಪ್ರಿಂಗಿನ ಗಡಸುತನ ಇಮ್ಮಡಿಯಾದರೆ, ಖಾಲಿಯಲ್ಲಿ 0.4 ಇದ್ದ ಡ್ಯಾಂಪಿಂಗ್ ಅನುಪಾತ 0.17ಕ್ಕೆ ಇಳಿಯುತ್ತದೆ. ಹೆದ್ದಾರಿಯ ಒಂದು ಸೇತುವೆಯ ಜೋಡಣೆ ದಾಟಿದರೆ ಸಾಕು, ಗಾಡಿ ಒಂದಲ್ಲ, ಮೂರು ನಾಲ್ಕು ಸಲ ತೂಗಿ ನಿಲ್ಲುತ್ತದೆ. ಸರಿ, ತುಂಬಿದ ಗಾಡಿಗೇ 0.4 ಸಿಗುವಂತೆ ಶಾಕ್ ಬಿಗಿ ಮಾಡಿ. ಅದೇ ಶಾಕ್ ಸೋಮವಾರ ಖಾಲಿ ಗಾಡಿಯಲ್ಲಿ 0.9ರ ಮೇಲೆ ಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಕಮಾನು ಪಟ್ಟಿಗಳು ಒಂದಕ್ಕೊಂದು ಉಜ್ಜಿ ಒಂದಷ್ಟು ಏರಿಳಿತ ಹೀರುತ್ತವೆ ಎಂಬುದು ನಿಜ. ಆದರೆ ಆ ಉಜ್ಜಾಟ ತುಕ್ಕು, ಕೆಸರು, ಗ್ರೀಸನ್ನು ನೆಚ್ಚಿಕೊಂಡದ್ದು. ಅದನ್ನು ನಂಬಿ ಬಂಡವಾಳ ಹೂಡಲಾಗದು.

ಅತಿ ಬಿಗಿಯಾದರೆ ಕುಲುಕುತ್ತದೆ ಅಷ್ಟೇ, ಸುರಕ್ಷತೆಗೆ ಬಿಗಿಯೇ ಮೇಲು ಎಂಬ ಮಾತು ವರ್ಕ್‌ಶಾಪುಗಳಲ್ಲಿ ಚಲಾವಣೆಯಲ್ಲಿದೆ. ಇದು ತಪ್ಪು. ಗುಬುಟನ್ನು ಗಟ್ಟಿಯ ತುದಿಗೆ ತಿರುಗಿಸಿದ ಖಾಲಿ ಟ್ರಕ್ಕೊಂದು ಅಲೆಅಲೆಯಾಗಿ ಕೊರೆದುಹೋದ ಮಣ್ಣುರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎನ್ನಿ. ಅಲೆಗಳ ನಡುವೆ ಮುಕ್ಕಾಲು ಮೀಟರ್ ಅಂತರವಿದ್ದರೆ ಚಕ್ರಕ್ಕೆ ಸೆಕೆಂಡಿಗೆ 22 ಪೆಟ್ಟು. ಪ್ರತಿ ಉಬ್ಬಿಗೂ ಚಕ್ರ ಮೇಲೇಳುತ್ತದೆ, ಮುಂದಿನ ತಗ್ಗಿಗೆ ಇಳಿಯುವಷ್ಟರಲ್ಲಿ ಬಿಗಿ ರೀಬೌಂಡ್, ಅಂದರೆ ಶಾಕ್ ಮರಳಿ ಚಾಚುವಾಗಿನ ತಡೆ, ಅದನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ಉಬ್ಬು ಬಂದೇಬಿಟ್ಟಿತು. ಹೀಗೆ ನಾಲ್ಕಾರು ಪೆಟ್ಟಿಗೆ ಚಕ್ರ ಮೇಲೇ ಉಳಿದು ಟೈರು ಬರೀ ಉಬ್ಬಿನ ತುದಿಗಳನ್ನು ಸವರುತ್ತ ಹೋಗುತ್ತದೆ. ಆಗ ತಿರುವು ಬಂದರೆ ಹಿಂಭಾಗ ಹೊರಕ್ಕೆ ಜಾರುತ್ತದೆ. ಸುರಕ್ಷತೆ ಇರುವುದು ಟೈರು ನೆಲ ಕಚ್ಚಿರುವುದರಲ್ಲಿ. ಖಾಲಿ ಗಾಡಿಗೆ ಬಿಗಿ ಇಳಿಸುವುದು ಸುಖಕ್ಕೆಂದು ಮಾಡುವ ರಿಯಾಯಿತಿಯಲ್ಲ.

ಹಾಗಾದರೆ ಎಂಥದ್ದನ್ನು ಕೊಳ್ಳಬೇಕು? ನನ್ನ ಲೆಕ್ಕದಲ್ಲಿ ಮೊದಲ ಪರೀಕ್ಷೆ ಕೈಗೆ ಎಟುಕುವುದು. ರಾಂಚೊ ಆರ್‌ಎಸ್9000ಎಕ್ಸ್‌ಎಲ್‌ನ ಮೈಮೇಲೇ ಒಂಬತ್ತು ಹಂತದ ಗುಬುಟು ಇದೆ. ಟ್ರೈಲರ್ ಸಿಕ್ಕಿಸುವಾಗ ಚಕ್ರದ ಪಕ್ಕ ಬಗ್ಗಿ ತಿರುಗಿಸಿದರಾಯಿತು. ನೆದರ್ಲೆಂಡ್ಸ್‌ನ ಕೋನಿಯ ಹಳೆಯ ಬಗೆಯ ಶಾಕ್‌ಗಳಲ್ಲಿ ರೀಬೌಂಡ್ ಹೊಂದಿಸಬೇಕಾದರೆ ಶಾಕ್ ಬಿಚ್ಚಿ, ಪೂರ್ತಿ ಒತ್ತಿ, ತಿರುಚಬೇಕು. ಸವೆತ ಸರಿದೂಗಿಸಲು ಅದು ಚೆನ್ನ, ಶನಿವಾರ-ಸೋಮವಾರದ ಬದಲಾವಣೆಗೆ ಬಾರದು. ಫಾಕ್ಸ್ 2.5ರ ಡಿಎಸ್‌ಸಿ ಮಾದರಿಗಳಲ್ಲಿ ಎರಡು ಗುಬುಟುಗಳಿವೆ, ಒಂದು ನಿಧಾನಗತಿಗೆ, ಇನ್ನೊಂದು ವೇಗಕ್ಕೆ. ಗತಿ ಎಂದರೆ ಗಾಡಿಯದಲ್ಲ, ಶಾಕ್‌ನೊಳಗಿನ ದಂಡ ಚಲಿಸುವ ಗತಿ. ಬ್ರೇಕ್ ಒತ್ತಿದಾಗ ಮೈ ಮುಂದಕ್ಕೆ ವಾಲುವುದು ನಿಧಾನದ ಚಲನೆ, ಗುಂಡಿಯ ಅಂಚಿಗೆ ಬಡಿಯುವುದು ವೇಗದ್ದು. ಅದ್ಭುತ ಕೆಲಸಗಾರಿಕೆ, ಆದರೆ ಎರಡೂ ಗುಬುಟುಗಳು ಹೊಂದಿಸುವುದು ಶಾಕ್ ಒತ್ತಿಕೊಳ್ಳುವಾಗಿನ ಬಿಗಿಯನ್ನು. ಭಾರ ಹೊತ್ತ ಪಟ್ಟಿ ಮರಳಿ ಚಿಮ್ಮುವಾಗ ಹಿಡಿದು ನಿಲ್ಲಿಸುವುದು ರೀಬೌಂಡ್. ಮರುಭೂಮಿಯಲ್ಲಿ ಹಾರಿಸುವವನಿಗೆ ಫಾಕ್ಸ್ ಸರಿ. ಟ್ರೈಲರ್ ಎಳೆಯುವವನು ರೀಬೌಂಡನ್ನೂ ಬದಲಿಸುವ ಶಾಕ್ ಕೇಳಿ ತೆಗೆದುಕೊಳ್ಳಬೇಕು, ಅದರ ಮೈಯ ಬಣ್ಣ ಏನಾದರೂ ಇರಲಿ.

ಇದಕ್ಕೆ ಗಟ್ಟಿಯಾದ ಆಕ್ಷೇಪಣೆಯೊಂದಿದೆ: ಸಾಧಾರಣ ಗುಬುಟಿನ ಶಾಕ್‌ಗಿಂತ ಚೆನ್ನಾಗಿ ಟ್ಯೂನ್ ಮಾಡಿದ ಸ್ಥಿರ ಶಾಕ್ ಮೇಲು. ಒಪ್ಪತಕ್ಕ ಮಾತು, ಒಂದು ಷರತ್ತಿನ ಮೇಲೆ: ಭಾರ ಬದಲಾಗಬಾರದು. ವೆಲ್ಡಿಂಗ್ ಯಂತ್ರ, ಕಬ್ಬಿಣದ ಪೆಟ್ಟಿಗೆಗಳನ್ನು ಕಾಯಂ ಹೊತ್ತಿರುವ ಸರ್ವಿಸ್ ಟ್ರಕ್‌ಗೂ, ವರ್ಷಕ್ಕೊಮ್ಮೆ ಸೋಫಾ ಸಾಗಿಸುವ ಟ್ರಕ್‌ಗೂ ಗುಬುಟು ದಂಡ. ಅವರು ಒಳ್ಳೆಯ ಸ್ಥಿರ ಮೊನೊಟ್ಯೂಬ್ ಶಾಕ್ ಕೊಳ್ಳಲಿ, ಕಾಸಿಗೆ ತಕ್ಕ ಕಜ್ಜಾಯ ಸಿಗುತ್ತದೆ. ಇನ್ನೊಂದು ಆಕ್ಷೇಪಣೆ ಕಂಪನಿಗಳದ್ದು: ತಂತಾನೇ ಹೊಂದಿಕೊಳ್ಳುವ ಶಾಕ್ ಬಂದಮೇಲೆ ಕೈಗುಬುಟು ಯಾಕೆ? 2019ರ ರಾಮ್ ಹೆವಿ-ಡ್ಯೂಟಿ ಗಾಡಿಗಳಿಗೆ ಕಂಪನದ ಆವರ್ತನ ನೋಡಿ ಬಿಗಿ ಬದಲಿಸುವ ಶಾಕ್ ಬಂದಿತು. ಸಣ್ಣ, ವೇಗದ ಅದುರುಗಳಿಗೆ ಅದು ಮೆತ್ತಗಾಗುತ್ತದೆ; ದೊಡ್ಡ, ನಿಧಾನದ ತೂಗಾಟಕ್ಕೆ ಬಿಗಿಯಾಗುತ್ತದೆ. ಆದರೆ ಬೆನ್ನ ಮೇಲೆ 1,600 ಕೆ.ಜಿ. ಕೂತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಖಾಲಿಯ ಕಾಟವನ್ನು ಕಡಿಮೆ ಮಾಡುತ್ತದೆ, ತುಂಬಿದಾಗಿನ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ. ಗಾಳಿಚೀಲ ಹಾಕಿಸಿದೆ, ಇನ್ನು ಶಾಕ್ ಯಾಕೆ ಎನ್ನುವವರಿಗೂ ಮೇಲಿನ ಲೆಕ್ಕವೇ ಉತ್ತರ: ಚೀಲ ಗಡಸುತನ ಹೆಚ್ಚಿಸಿದಷ್ಟೂ ಏರಿಳಿತ ಅಡಗಿಸುವ ಬಿಗಿಯೂ ಹೆಚ್ಚಬೇಕು.

ಒಂದು ಬಿಟ್ಟಿ ಸಲಹೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಖಾಲಿ ಗಾಡಿ ಕುಲುಕುತ್ತದೆ ಎಂದು ಶಾಕ್ ಹುಡುಕುವ ಮೊದಲು ಟೈರಿನ ಗಾಳಿ ನೋಡಿ. ಈ ಗಾಡಿಗಳ ಲೋಡ್ ರೇಂಜ್ ಇ ಟೈರುಗಳ ಪೂರ್ಣ ಒತ್ತಡ 80 ಪಿಎಸ್‌ಐ. ಅದು ಪೂರ್ಣ ಭಾರಕ್ಕೆ. ಖಾಲಿ ಇದ್ದಾಗ ಟೈರು ತಯಾರಕರ ಭಾರ-ಒತ್ತಡದ ಕೋಷ್ಟಕ ನೋಡಿ ಇಳಿಸಿದರೆ ಅರ್ಧ ದೂರು ಅಲ್ಲೇ ಮುಗಿಯಬಹುದು. ಭಾರ ಹೇರುವ ಮುನ್ನ ಮತ್ತೆ ತುಂಬಿಸಲು ಮರೆಯದಿದ್ದರಾಯಿತು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ತುಂಬಿಕೊಂಡು ಹೋಗಿ ಖಾಲಿ ಕ್ರೇಟುಗಳೊಂದಿಗೆ ಕುಣಿಯುತ್ತ ಮರಳುವ ನಮ್ಮ ಬೊಲೆರೊ ಪಿಕಪ್‌ಗೂ ಇದೇ ಭೌತಶಾಸ್ತ್ರ. ನಾಲ್ಕು ಕಾಸಿನ ಬಾಡಿಗೆಗೆ ಓಡುವ ಆ ಗಾಡಿಗೆ ದುಬಾರಿ ಶಾಕ್ ಯಾರೂ ಹಾಕಿಸಲಾರರು, ಹಾಕಿಸಬೇಕಾಗಿಯೂ ಇಲ್ಲ.

ಕೊನೆಯದಾಗಿ, ನಾಲ್ಕು ಚಕ್ರಕ್ಕೂ ಸೆಟ್ ಮಾರುವವರ ಮಾತಿಗೆ ಬೀಳಬೇಕಿಲ್ಲ. ಫಿಫ್ತ್-ವೀಲ್ ಕೊಂಡಿ ಹಿಂದಿನ ಆಕ್ಸಲ್‌ನ ನೇರಕ್ಕೋ ತುಸು ಮುಂದಕ್ಕೋ ಕೂರುತ್ತದೆ. ಹೊಸ ಭಾರದ ಬಹುಪಾಲು ಹಿಂದಿನ ಚಕ್ರಗಳಿಗೇ. ಮುಂದಿನ ಭಾರ ಹೆಚ್ಚೇನೂ ಬದಲಾಗದೆ ಇರುವಾಗ ಅಲ್ಲಿ ಗುಬುಟು ಯಾತಕ್ಕೆ? ಹಿಂದಕ್ಕೆ ಹೊಂದಿಸಬಲ್ಲ ಜೋಡಿ, ಮುಂದಕ್ಕೆ ಸ್ಥಿರ ಜೋಡಿ ಸಾಕು. ಬೆನ್ನ ಮೇಲೆ ಎತ್ತರದ ಕ್ಯಾಂಪರ್ ಕೂರಿಸುವವರು ಇನ್ನೊಂದು ತಿಳಿದಿರಲಿ: ತಿರುವಿನಲ್ಲಿ ಗಾಡಿ ವಾಲುವ ರಭಸವನ್ನು ಶಾಕ್ ತಗ್ಗಿಸುತ್ತದೆ, ಎಷ್ಟು ವಾಲುತ್ತದೆ ಎಂಬುದನ್ನಲ್ಲ. ಅದು ಆಂಟಿ-ರೋಲ್ ಬಾರ್‌ನ ಕೆಲಸ. ಹಿಂದಕ್ಕೆ ಮಾತ್ರ ಗುಬುಟು ಎಂಬ ಲೆಕ್ಕ ತಲೆಕೆಳಗಾಗುವುದು ಮಿಷಿಗನ್, ಮಿನ್ನೆಸೋಟದ ಚಳಿಗಾಲದಲ್ಲಿ, ಮೂತಿಗೆ ಹಿಮ ತಳ್ಳುವ ನೇಗಿಲು ಸಿಕ್ಕಿಸಿದಾಗ. ಆಗ ನೂರಾರು ಕೆ.ಜಿ. ಮುಂದಿನ ಆಕ್ಸಲ್‌ಗೂ ಆಚೆ ನೇತಾಡುತ್ತದೆ. ಅಂಥವರು ಗುಬುಟಿನ ಶಾಕನ್ನು ಮುಂದಕ್ಕೂ ಹಾಕಿಸಲಿ. ರಸ್ತೆಗೆ ಸುರಿದ ಉಪ್ಪಿಗೆ ಗುಬುಟು ತುಕ್ಕು ಹಿಡಿದು ಸಿಕ್ಕಿಕೊಳ್ಳದಂತೆ ತಿಂಗಳಿಗೊಮ್ಮೆ ತೊಳೆದು, ಈ ತುದಿಯಿಂದ ಆ ತುದಿಗೆ ತಿರುಗಿಸಿ ಮತ್ತೆ ತಮ್ಮ ಹಂತಕ್ಕೆ ತಂದಿಡಲಿ.